ತುಟಿಯ ಎಡ ಮೂಲೆ

ಎಡ ಮೂಲೆ ಒಂದು ಕೂದಲೆಳೆಯಷ್ಟು ಕೆಳಗಿದೆ, ನನ್ನ ಕೈಯೇ ಜಾರಿತೋ ಏನೋ, ಇರಲಿ, ತುಟಿಯಂಚಿಗೆ ಚರ್ಮದ ಬಣ್ಣ ಒಂದು ಚುಕ್ಕೆ, ಅದರ ಮೇಲೆ ಕೆಂಪನ್ನು ಸ್ವಲ್ಪ ಮೇಲಕ್ಕೆ ಎಳೆದರೆ ಸರಿಹೋಗುತ್ತದೆ, ಸಿನಿಮಾದಲ್ಲಿ ಎಷ್ಟು ಸೊಟ್ಟ ತುಟಿಗಳು ನೆಟ್ಟಗಾಗಿಲ್ಲ, ನೋಡು, ಈಗ ಎರಡೂ ಸಮ — ಅರವತ್ತು ದಾಟಿದ ಗಂಡಸಿನ ತುಟಿ, ಸುತ್ತಲೂ ಗೆರೆ, ಬಣ್ಣ ಗೆರೆಯೊಳಗೆ ಹರಿಯದಂತೆ ಪೌಡರು ಒತ್ತಬೇಕು, ಹಾಳು ಟ್ಯೂಬ್‌ಲೈಟು, ಈ ಬೆಳಕಿನಲ್ಲಿ ರಂಭೆಯೂ ರೋಗಿಷ್ಠೆಯ ಹಾಗೆ ಕಾಣುತ್ತಾಳೆ, ಕ್ಲಾಸ್‌ರೂಮಿನ ಬಾಗಿಲಿಗೆ ಗ್ರೀನ್‌ರೂಮ್ ಎಂದು ಕಾಗದ ಅಂಟಿಸಿಬಿಟ್ಟರೆ ಆಗಿಹೋಯಿತೇ, ಬೋರ್ಡಿನ ಮೇಲೆ ಯಾರೋ ಮೇಷ್ಟರು ಬರೆದ ಲೆಕ್ಕ ಇನ್ನೂ ಹಾಗೇ ಇದೆ. ಹೊರಗೆ ಮೈದಾನದಲ್ಲಿ ಕಾಲೇಜು ಹುಡುಗರು ಈಗಲೇ ಕೂಗುತ್ತಿದ್ದಾರೆ, ಟಿನ್ ಸ್ವಾನ್ಸ್, ಟಿನ್ ಸ್ವಾನ್ಸ್, ತಗಡಿನ ಹಂಸಗಳು ಎಂದರ್ಥವಂತೆ, ಎಂಥ ಹೆಸರೋ, ಫಿನ್‌ಲ್ಯಾಂಡಿನವರು, ಮಗಳು ಹೇಳುವವರೆಗೆ ಆ ದೇಶ ಯಾವ ದಿಕ್ಕಿನಲ್ಲಿದೆ ಎಂದೂ ನನಗೆ ಗೊತ್ತಿರಲಿಲ್ಲ, ಅಮ್ಮಾ, ಲೆಜೆಂಡ್ಸ್ ಮಾ, ಮುಖಕ್ಕೆ ಬಣ್ಣ ಬಳಿದು ಹಾಡೋ ಗ್ಲಾಮ್ ರಾಕ್ ಅಂದರೆ ಇವರೇ, ಇದು ಕಡೈಸಿ ಶೋ, ಕೊನೇದು, ಅವರ ಮೇಕಪ್‌ನವಳಿಗೆ ವೀಸಾ ಕಿಡೈಕ್ಕಲೆ, ಸಿಗಲಿಲ್ಲ, ನೀನೇ ಮಾಡಿಕೊಡು, ವಿಘ್ನೇಶ್ ಸಾರ್ ಹತ್ರ ನಿನ್ನ ಹೆಸರು ಹೇಳಿ ಆಯ್ತು. ಕೃತಿ ಆ ವಿಘ್ನೇಶನ ಶೋ ನಡೆಸುವ ಕಂಪನಿಗೆ ಸೇರಿ ಮೂರು ತಿಂಗಳಾಗಿಲ್ಲ, ಅಷ್ಟರಲ್ಲೇ ಅಮ್ಮನನ್ನು ನುಗ್ಗಿಸಿದ್ದಾಳೆ, ಗಟ್ಟಿಗಿತ್ತಿ, ನನಗಂತೂ ಅಷ್ಟು ಧೈರ್ಯ ಇರಲಿಲ್ಲ, ಇಪ್ಪತ್ತು ವರ್ಷ ಈ ಚೆನ್ನೈಯ ವಡಪಳನಿಯ ಸಿನಿಮಾ ಸ್ಟುಡಿಯೋಗಳಲ್ಲಿ ತಲೆ ಬಾಚಿದ್ದೇ ಬಾಚಿದ್ದು, ಹೆಂಗಸರಿಗೆ ಕೂದಲಿನ ಕೆಲಸ, ಗಂಡಸರಿಗೆ ಮುಖದ ಕೆಲಸ, ಅದು ಅಲ್ಲಿಯ ಕಟ್ಟಳೆ, ನಾಯಕಿಯರ ಜಡೆ ಹಿಡಿದುಕೊಂಡು ಕನ್ನಡಿಯಲ್ಲಿ ಮೇಕಪ್‌ಮ್ಯಾನ್‌ನ ಬೆರಳು ನೋಡಿ ನೋಡಿ ಕಲಿತೆ, ಕೋರ್ಟು ಹೇಳಿದ ಮೇಲೆ ಹೆಂಗಸರಿಗೂ ಯೂನಿಯನ್ನಿನವರು ಮೇಕಪ್ಪಿನ ಕಾರ್ಡು ಕೊಟ್ಟರು, ಆ ಹೊತ್ತಿಗೆ ನನ್ನನ್ನು ಕರೆಯುವವರೇ ಕಡಿಮೆಯಾಗಿದ್ದರು. ಇವತ್ತು ಕತ್ತಿನ ಪಾಸಿನ ಮೇಲೆ ವಿಮಲಾ, ಮೇಕಪ್ ಎಂದು ಅಚ್ಚಾಗಿದೆ, ಬರುವಾಗ ಮೆಟ್ರೋದಲ್ಲಿ ಅದನ್ನು ನಾಲ್ಕು ಸಲ ತಿರುಗಿಸಿ ನೋಡಿಕೊಂಡೆ.

ಈಗ ಕಣ್ಣಿನ ರೆಪ್ಪೆಯ ಬಣ್ಣ ಒಣಗಲಿ, ಅಲುಗಾಡಬೇಡಿ ಸಾರ್, ಎಂದರೂ ಈತ ಮಾತು ನಿಲ್ಲಿಸುವುದಿಲ್ಲ, ಟಿಮೊ ಎಂದು ಹೆಸರು, ತಂಡದ ಹಾಡುಗಾರ, ಮಾತೆಲ್ಲ ಬಾಯೊಳಗೇ ಅಗಿದು ಉಗುಳಿದ ಹಾಗೆ, ಇವರ ಇಂಗ್ಲಿಷೇ ಹೀಗೋ ಏನೋ — ಬಂದರಿನ ಊರಂತೆ, ಅಪ್ಪ ಹಡಗಿನ ಮರದ ದಿಮ್ಮಿ ಇಳಿಸುವವನು, ನಾಲ್ಕು ಹುಡುಗರು ಅಕ್ಕನ ಲಿಪ್‌ಸ್ಟಿಕ್ ಕದ್ದು ಹಚ್ಚಿಕೊಂಡು ಕಾರ್ಮಿಕರ ಸಭಾಭವನದಲ್ಲಿ ಹಾಡಿದರೆ ಜನ ಬಾಟಲಿ ಎಸೆದರಂತೆ, ತುಟಿ ಒಡೆದು ರಕ್ತ ಸುರಿಯುವಾಗ ಗಿಟಾರ್ ನುಡಿಸುವ ಇಲ್ಕ ಅದರ ಮೇಲೇ ಮತ್ತೆ ಲಿಪ್‌ಸ್ಟಿಕ್ ಬಳಿದು, ಹೋಗು, ಇನ್ನೊಂದು ಹಾಡು ಬಾಕಿ ಇದೆ, ಎಂದು ನೂಕಿದನಂತೆ, ನಗು ಬಂತು ನನಗೆ, ಎಂಥ ಪೋಕರಿಗಳು. ಆಮೇಲೆ ಲಂಡನ್, ಆಮೇಲೆ ಜಪಾನ್, ಅಲ್ಲಿಯ ವಿಮಾನ ನಿಲ್ದಾಣದಲ್ಲಿ ಹುಡುಗಿಯರು ಇವರದೇ ಗೊಂಬೆ ಮಾಡಿ ತಂದು ಕೈಗಿಟ್ಟು ಅತ್ತರಂತೆ, ಗೊಂಬೆಗೂ ಕಣ್ಣಿಗೆ ಇದೇ ನೀಲಿ ಮಿನುಗು — ಮತ್ತೆ ಎರಡು ವರ್ಷಕ್ಕೆ ಗಾಳಿ ತಿರುಗಿತು, ಹರಿದ ಜೀನ್ಸು ಹಾಕಿ ಮುಖ ತೊಳೆಯದೆ ಹಾಡುವವರ ಕಾಲ ಬಂತು, ಇವರ ಮಿನುಗು ಯಾರಿಗೂ ಬೇಡವಾಯಿತು, ಇಲ್ಕನೊಂದಿಗೆ ಜಗಳ, ತಂಡ ಚೆಲ್ಲಾಪಿಲ್ಲಿ, ಈತ ಸ್ವೀಡನ್ನಿಗೆ ಹೋಗಿಬರುವ ಹಡಗಿನ ಊಟದ ಹಾಲಿನಲ್ಲಿ ಮುದುಕ ಮುದುಕಿಯರ ಕುಣಿತಕ್ಕೆ ಹಾಡುವ ಕೆಲಸ ಹಿಡಿದ, ಮುಖಕ್ಕೆ ಏನೂ ಬಳಿಯಬಾರದು ಎಂಬ ಷರತ್ತಿನ ಮೇಲೆ. ಎಷ್ಟೋ ವರ್ಷ, ಮೇಡಂ, ಎಷ್ಟೋ ವರ್ಷ, ಒಬ್ಬರೂ ಗುರುತು ಹಿಡಿಯಲಿಲ್ಲ, ಬರಿಮುಖದಲ್ಲಿ ನಾನು ಯಾರೂ ಅಲ್ಲ. ಆಗ ನಾನು ಬ್ರಷ್ ನಿಲ್ಲಿಸಿ ಈತನನ್ನು ನೋಡಿದೆ, ಬಣ್ಣ ಹಚ್ಚಿಸಿಕೊಳ್ಳುವವರು ನೂರಾರು ಜನ ನನ್ನ ಮುಂದೆ ಕೂತಿದ್ದಾರೆ, ಹೀಗೆ ಹೇಳಿದವರಿಲ್ಲ. ಕೊನೆಗೆ ಇಲ್ಕನೇ ಹಡಗು ಹತ್ತಿ ಬಂದು ಕರೆದುಕೊಂಡು ಹೋದನಂತೆ, ಮತ್ತೆ ತಂಡ, ಮತ್ತೆ ಬಣ್ಣ, ಬೇಸಿಗೆಯ ಹಬ್ಬಗಳು, ಹಳೆಯ ಅಭಿಮಾನಿಗಳು ಮೊಮ್ಮಕ್ಕಳನ್ನು ಕರೆತಂದರು, ಹೋದ ಚಳಿಗಾಲದಲ್ಲಿ ಇಲ್ಕ ತೀರಿಕೊಂಡ, ಊರಿನಲ್ಲಿ ಬೀಳ್ಕೊಡುಗೆಯ ಆಟವೂ ಮುಗಿಯಿತು, ಡಿಸೆಂಬರಿನ ಚಂಡಮಾರುತಕ್ಕೆ ಮುಂದೆ ಹೋಗಿದ್ದ ಚೆನ್ನೈಯದು ಒಂದು ಬಾಕಿ, ಇದೊಂದು, ಆಮೇಲೆ ತಂಡ ಇಲ್ಲ.

ಆಯಿತು, ಇನ್ನು ಕೆನ್ನೆಗೆ ಬಣ್ಣ, ನಗಿ ಸಾರ್, ಸ್ಮೈಲ್ ಪ್ಲೀಸ್, ಯಾರು ಕೂತರೂ ಹೇಳುವ ಮಾತು, ನಕ್ಕಾಗ ಕೆನ್ನೆ ಉಬ್ಬುವ ಜಾಗಕ್ಕೇ ಬಣ್ಣ ಇಡಬೇಕು — ನಕ್ಕ, ಬಲಗೆನ್ನೆ ಉಬ್ಬಿತು, ಎಡಗೆನ್ನೆ ಉಬ್ಬಲಿಲ್ಲ. ಇನ್ನೊಮ್ಮೆ ನಗಿ ಸಾರ್. ಬಲಗಡೆ ಮಾತ್ರ, ಎಡಗಡೆ ಬಣ್ಣದ ತುಟಿ ಮೇಲೆ, ಬಣ್ಣದಡಿಯ ನಿಜವಾದ ತುಟಿ ಕೆಳಗೆ, ಅಯ್ಯೋ ದೇವರೇ, ನನ್ನ ಕೈ ಜಾರಿದ್ದಲ್ಲ, ತುಟಿಯೇ ಇಳಿದದ್ದು, ನಾನು ಅದನ್ನು ಎತ್ತಿ ಕೂರಿಸಿ ಮುಚ್ಚಿಬಿಟ್ಟೆ, ಭೋಜರಾಜರದ್ದೂ ಹೀಗೇ, ನಮ್ಮ ಮನೆಯವರದ್ದು, ಅವತ್ತು ಬೆಳಗಿನ ಪಾಳಿ, ಹೋಟೆಲಿಗೆ ಹೋದ ಮೇಲೆ ಲಕ್ವ ಹೊಡೆದದ್ದು, ಎಂತ ಭೋಜಣ್ಣ, ಮೋರೆ ಸೊಟ್ಟ ಆಗಿದೆ, ಅತ್ತಿಗೆ ಹೊಡೆದ್ರಾ, ಅಂತ ಎಲ್ಲರೂ ನಕ್ಕರಂತೆ, ಇವರೂ ನಕ್ಕರಂತೆ, ಅರ್ಧ ಬಾಯಲ್ಲಿ, ಮಧ್ಯಾಹ್ನ ಕೈಯಿಂದ ದೋಸೆಯ ತಟ್ಟೆ ಬೀಳುವವರೆಗೆ ಬಡಿಸುತ್ತಲೇ ಇದ್ದರು. ಬೇಗ ಕರೆದುಕೊಂಡು ಬಂದಿದ್ದರೆ, ಅಂದರು ಡಾಕ್ಟರು. ಎರಡು ರವೆ, ಒಂದು ಸೆಟ್, ಸಾಂಬಾರ್ ಬೇರೆ, ಎಂದು ಅಡುಗೆಮನೆ ನಡುಗುವ ಹಾಗೆ ಕೂಗುತ್ತಿದ್ದ ಗಂಟಲು, ಈಗ ಹಸಿವಾದರೂ ಹಾಂ, ಬಾಯಾರಿದರೂ ಹಾಂ, ಸಿಟ್ಟು ಬಂದರೂ ಹಾಂ, ಆ ಗಂಟಲಿಗಾಗಿ ನಾನು ಎಷ್ಟು ಅತ್ತಿದ್ದೇನೋ ಆ ಮುರುಗನಿಗೇ ಗೊತ್ತು.

ಸಾರ್, ಹ್ಯಾಂಡ್, ಎರಡೂ ಕೈ ಮೇಲೆ, ಎಂದೆ, ಬಲಗೈ ಎತ್ತಿದ, ಎಡಗೈ ತೊಡೆಯ ಮೇಲಿಂದ ತುಸು ಎದ್ದು ಮತ್ತೆ ಬಿತ್ತು, ಈತನಿಗೆ ಗೊತ್ತು, ಕಣ್ಣು ನೋಡಿದರೆ ಗೊತ್ತಾಗುತ್ತದೆ, ಗೊತ್ತು. ಮೇಡಂ, ಒಂದೇ ಗಂಟೆ, ಪ್ಲೀಸ್, ಒಂದು ಗಂಟೆ ಹಾಡಿ ಬರುತ್ತೇನೆ, ಆಮೇಲೆ ನೀವು ಹೇಳಿದಲ್ಲಿಗೆ, ಇಲ್ಕನಿಗೆ ಮಾತು ಕೊಟ್ಟಿದ್ದೇನೆ — ಕೈಗೆ ಬಂದ ತುತ್ತು, ನಲವತ್ತು ವರ್ಷದ ಕೊನೆಯ ತುತ್ತು, ಕಸಿಯಲು ನಾನು ಯಾರು, ಬಣ್ಣ ಬಳಿಯುವವಳು, ಇಲ್ಲದ ಉಸಾಬರಿ, ಒಂದು ವೇಳೆ ಬರೀ ನಿದ್ದೆಗೆಟ್ಟ ಸುಸ್ತಾಗಿದ್ದರೆ ಕೃತಿಯ ಕೆಲಸ ಹೋಗುತ್ತದೆ, ವಿಮಲಾ ಎಂಬವಳು ಶೋ ಕೆಡಿಸಿದಳು ಎಂದು ವಡಪಳನಿಯೆಲ್ಲ ಸುದ್ದಿ, ಆದರೆ ಒಂದು ಗಂಟೆ, ಹೀಗೆ ಒಂದೊಂದು ಗಂಟೆ ತಡವಾಗಿಯೇ ಅಲ್ಲವೇ ನಮ್ಮವರ ಮಾತು ಹೋದದ್ದು. ಕೃತೀ, ಓಡಿ ಬಾ, ವಿಘ್ನೇಶ್ ಅವರನ್ನೂ ಕರಿ. ಬಂದರು, ಬಾಗಿಲಲ್ಲೇ ನಿಂತರು, ಇವರ ಬಾಯಿ ನೋಡಿ, ಅಪ್ಪನಿಗೆ ಆದ ಹಾಗೇ ಆಗಿದೆ ಕಣೇ, ಎಂದರೆ ವಿಘ್ನೇಶ್ ಬಗ್ಗಿ ನೋಡಿ, ಸೂಪರ್ ಆ ಇರ್ಕು ಮೇಡಂ, ಏನು ಪ್ರಾಬ್ಲಮ್, ಎನ್ನುತ್ತಾನೆ, ಟಿಮೊ ತುಟಿ ಅಲುಗಿಸದೆ ಹೆಬ್ಬೆರಳು ಎತ್ತಿ ತೋರಿಸುತ್ತಾನೆ, ಐ ಆಮ್ ಫೈನ್ ಎಂಬಂತೆ, ಕೃತಿ ನನ್ನ ಹೆಗಲು ಹಿಡಿದು, ಅಮ್ಮಾ, ಟೆನ್ಷನ್ ಆಗ್ಬೇಡ, ಫ್ಲೈಟ್ ಸುಸ್ತು ಅಷ್ಟೇ, ಚೆನ್ನಾಗಿ ಕಾಣ್ತಿದ್ದಾರೆ. ಚೆನ್ನಾಗಿ ಕಾಣುತ್ತಿದ್ದಾರೆ, ಕಾಣದೆ ಏನು, ಇಷ್ಟು ಚೆನ್ನಾದ ಕೆಲಸ ನಾನು ಜನ್ಮದಲ್ಲಿ ಮಾಡಿಲ್ಲ, ಹೆತ್ತ ಮಗಳ ಕಣ್ಣಿಗೇ ಮಣ್ಣೆರಚಿದ್ದೇನೆ.

ಕೋಲ್ಡ್‌ಕ್ರೀಮ್ ಅಂಗೈ ತುಂಬ ತೆಗೆದೆ, ನೋ, ಎಂದ, ನೋ ಮೇಡಂ, ಬಲಗೈ ನನ್ನ ಮಣಿಕಟ್ಟು ಹಿಡಿಯಿತು, ಎಡಗೈ ಬರಲಿಲ್ಲ, ಕ್ಷಮಿಸಿ ಸಾರ್, ಕ್ಷಮಿಸಿ, ಒರೆಸಿದೆ, ನೀಲಿ ಮಿನುಗು, ಬಿಳಿ, ಕೆಂಪು ಎಲ್ಲ ಕಲಸಿ ಟವೆಲ್ಲಿಗೆ ಬಂತು, ಅಡಿಯಿಂದ ಹಡಗಿನಲ್ಲಿ ಯಾರೂ ಗುರುತಿಸದ ಮುದುಕನ ಮುಖ, ಈಗ ನಗಿ ಸಾರ್ ಎಂದು ಹೇಳಬೇಕಾಗಲಿಲ್ಲ, ಅವನು ಅಳುತ್ತಿದ್ದ, ಅಳುವೂ ಅರ್ಧ ಮುಖದಲ್ಲೇ. ಅಯ್ಯೋ, ಅಪ್ಪಾ ಮಾದಿರಿ, ಅಪ್ಪನ ಹಾಗೇ, ಎಂದಳು ಕೃತಿ, ವಿಘ್ನೇಶ್ ಗೇಟಿನ ಆಂಬುಲೆನ್ಸಿಗೆ ಫೋನು ಮಾಡುತ್ತ ಓಡಿದ, ಒಳ್ಳೆಯ ಹುಡುಗ, ಎದುರು ಮಾತಾಡಲಿಲ್ಲ. ಹೊರಗೆ ಟಿನ್ ಸ್ವಾನ್ಸ್, ಟಿನ್ ಸ್ವಾನ್ಸ್, ಕಿಟಕಿಗೆ ನಾಲ್ಕಾರು ಹುಡುಗರು ಮೊಬೈಲ್ ಹಿಡಿದು ಜೋತುಬಿದ್ದಿದ್ದಾರೆ, ಹೋಗ್ರೋ ಆಚೆ, ಎಂದರೆ ಕನ್ನಡ ಯಾರಿಗೆ ಬರುತ್ತದೆ, ಸ್ಟ್ರೆಚರ್ ಬರುವ ಸದ್ದು ವರಾಂಡದಲ್ಲಿ, ಇವರೆಲ್ಲರ ನಡುವೆ ಈ ಬರಿಮುಖವನ್ನು ಹೊತ್ತುಕೊಂಡು ಹೋಗಬೇಕು. ಟಿಮೊ ಏನೋ ಹೇಳಿದ, ಮಾತಾಗಲಿಲ್ಲ, ಬಲಗೈ ಎತ್ತಿ ಮೇಜಿನ ಕಡೆ ತೋರಿಸಿದ, ನೀರೇ ಸಾರ್, ಅಲ್ಲ, ಕನ್ನಡಕವೇ, ಅಲ್ಲ, ಕೆಂಪು ಲಿಪ್‌ಸ್ಟಿಕ್. ಸರಿ. ಬನ್ನಿ. ಗಲ್ಲ ಹಿಡಿದೆ, ಬಲಗಡೆಯಿಂದ ಶುರು ಮಾಡಿದೆ, ನಡುವಿಗೆ ಬಂದೆ, ಎಡಕ್ಕೆ ತಿರುಗಿದೆ, ಅಭ್ಯಾಸದ ಕೈ ಮೇಲಕ್ಕೆ ಹೋಯಿತು, ತಡೆದೆ, ತುಟಿ ಎಲ್ಲಿ ಹೋಗುತ್ತದೋ ಅಲ್ಲಿಗೇ, ಅದರ ಹಿಂದೆಯೇ, ಕೆಳಕ್ಕೆ, ಇನ್ನೂ ಕೆಳಕ್ಕೆ, ಡಾಕ್ಟರ ಕಣ್ಣಿಗೆ ಮೊದಲು ಇದೇ ಬೀಳಲಿ — ಎಡ ಮೂಲೆ, ಕೆಂಪಗೆ, ಇಳಿದ ಜಾಗದಲ್ಲೇ.