ಲೀಟರಿಗೆ ಹನ್ನೆರಡು

"ಇನ್ನೂ ಹಿಡೀತೈತಿ, ಹಾಕ ತಂಗಿ," ಎಂದ ಶಾಂತಪ್ಪ.

ಪೆಟ್ರೋಲ್ ಪಂಪಿನ ಮುಮತಾಜ ಪೈಪನ್ನು ಟ್ಯಾಂಕಿನಿಂದ ತೆಗೆಯಬೇಕೋ ಬೇಡವೋ ತಿಳಿಯದೆ ನಿಂತಿದ್ದಳು. ಅವಳ ಯಂತ್ರ ತಾನಾಗಿಯೇ ಎರಡು ಸಲ ನಿಂತಿತ್ತು. ಶಾಂತಪ್ಪ ಮಾತ್ರ ಕಾರಿನ ಹಿಂಬದಿಗೆ ಎರಡೂ ಕೈ ಕೊಟ್ಟು ಮೇಲೆ ಕೆಳಗೆ ಅಲ್ಲಾಡಿಸುತ್ತಿದ್ದ. ಟ್ಯಾಂಕಿನೊಳಗೆ ಸಿಕ್ಕಿಕೊಂಡ ಗಾಳಿಯೆಲ್ಲ ಹೊರಗೆ ಬರಬೇಕಂತೆ. ಹಿಂದಿನ ಸೀಟಿನಲ್ಲಿ ಕೂತಿದ್ದ ಹೆಂಡತಿ ಹುಲಿಗೆವ್ವ ಮುಂದಿನ ಸೀಟಿನ ಬೆನ್ನನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

"ಸಾಕ ಮಾಡ್ರಿ, ಮುಂಜಾನಿ ಕುಡಿದ ಚಾ ಹೊರಗ ಬರ್ತೈತಿ," ಎಂದು ಒಳಗಿನಿಂದಲೇ ಕೂಗಿದಳು.

"ಲೆಕ್ಕ ಅಂದ್ರ ಲೆಕ್ಕ. ಗಾಳಿ ಆವರೇಜ್ ಕೊಡೂದಿಲ್ಲ," ಎಂದ ಶಾಂತಪ್ಪ.

ರವಿವಾರ ಬೆಳಿಗ್ಗೆ ಅಪ್ಪ ಮಗಳ ಪಂದ್ಯ ಶುರುವಾದದ್ದು ಹೀಗೆ. ಶಾಂತಪ್ಪನ ಮನೆ ವಿಜಯಪುರದ ಪಕ್ಕದ ತೊರವಿಯಲ್ಲಿ, ಅವನ ಅಣ್ಣನದು ಬಬಲೇಶ್ವರದಲ್ಲಿ. ಹೋಗುವಾಗ ಮಗಳು ದಾನೇಶ್ವರಿ ಗಾಡಿ ನಡೆಸಬೇಕು, ಬರುವಾಗ ಅವನು. ಅದೇ ರಸ್ತೆ, ಅದೇ ಪೆಟ್ರೋಲು, ಎಸಿ ಬಂದ್, ಎರಡೂ ಸಲ ಹಿಂದೆ ಹುಲಿಗೆವ್ವ. ಯಾರ ಕೈಯಲ್ಲಿ ಗಾಡಿ ಲೀಟರಿಗೆ ಹೆಚ್ಚು ಓಡುತ್ತದೋ ಅವರು ಗೆದ್ದಂತೆ. ಷರತ್ತು ಹಾಕಿದವನೂ ಶಾಂತಪ್ಪನೇ.

"ನಂದ ಕಡಿಮಿ ಬಂತಂದ್ರ ಕೀಲಿ ನಿನ್ನ ಕೈಯಾಗ ಕೊಟ್ಟ ನಿಮ್ಮವ್ವನ ಬಾಜೂಕ ಕುಂದರ್ತೀನಿ. ಮತ್ತ ಸ್ಟೇರಿಂಗ್ ಮುಟ್ಟೂದಿಲ್ಲ."

"ಯಪ್ಪಾ, ಅಷ್ಟ ದೊಡ್ಡ ಮಾತ ಯಾಕ?"

"ಮಾತಂದ್ರ ಮಾತ."

ಈ ಹಟಕ್ಕೆ ಕಾರಣವಿತ್ತು. ಶಾಂತಪ್ಪ ತನ್ನ ಜೀವಮಾನವನ್ನೆಲ್ಲ ಸರ್ಕಾರಿ ಬಸ್ಸು ನಡೆಸಿ ಕಳೆದವನು. ಡಿಪೋದ ಫಲಕದ ಮೇಲೆ ಪ್ರತಿ ತಿಂಗಳು ಚಾಲಕರ ಹೆಸರು ಬರೆಯುತ್ತಿದ್ದರು, ಹೆಸರಿನ ಮುಂದೆ ಕೆಎಂಪಿಎಲ್. ಅಂದರೆ ಒಂದು ಲೀಟರ್ ಡೀಸೆಲ್ಲಿಗೆ ಅವನ ಬಸ್ಸು ಓಡಿದ ಕಿಲೋಮೀಟರು. ಕಡಿಮೆ ಬಂದವನನ್ನು ಒಳಗೆ ಕರೆದು ಕೇಳುವರು, ಹೆಚ್ಚು ಬಂದವನಿಗೆ ಬಹುಮಾನ ಕೊಡುವರು. ಮನೆಯ ಪಡಸಾಲೆಯಲ್ಲಿ ಬುದ್ಧ ಮತ್ತು ಬಾಬಾಸಾಹೇಬರ ಫೋಟೊಗಳ ಪಕ್ಕ ಇರುವ ಗೋಡೆ ಗಡಿಯಾರ ಹಾಗೆ ಬಂದದ್ದು. ಅವನ ಜೊತೆಗಿದ್ದ ಕಂಡಕ್ಟರ್ ಲಾಲಸಾಬ ಇಟ್ಟ 'ಕೆಎಂಪಿಎಲ್ ಶಾಂತಪ್ಪ' ಎಂಬ ಹೆಸರು ನಿವೃತ್ತಿಯಾದ ಮೇಲೂ ಉಳಿಯಿತು. ಅದು ಉಳಿದದ್ದು ಶಾಂತಪ್ಪನಿಗೂ ಇಷ್ಟವೇ.

ಅಷ್ಟು ವರ್ಷ ಕ್ಲಚ್ ತುಳಿದ ಎಡಗಾಲು ಮಾತ್ರ ಸುಮ್ಮನಿರಲಿಲ್ಲ. ಸೊಂಟದಿಂದ ಹಿಮ್ಮಡಿಯವರೆಗೆ ಸೆಳೆತ ಶುರುವಾಯಿತು. ಹುಲಿಗೆವ್ವ ದಿನಾ ಎಣ್ಣೆ ತಿಕ್ಕಿ ತಿಕ್ಕಿ ತನ್ನ ರಟ್ಟೆ ನೋಯಿಸಿಕೊಂಡಳು. ಬಿಜ್ಜರಗಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ದಾನೇಶ್ವರಿ ಕಾರು ಕೊಳ್ಳುವಾಗ, ತನ್ನ ಓಡಾಟಕ್ಕೂ ಆಯಿತು, ಅಪ್ಪನ ಕಾಲಿಗೂ ಆಯಿತು ಎಂದು ಕ್ಲಚ್ಚೇ ಇಲ್ಲದ ಸಣ್ಣ ಪೆಟ್ರೋಲ್ ಆಟೊಮ್ಯಾಟಿಕ್ ಆರಿಸಿದಳು. ಗಾಡಿ ಬಂದು ಕೆಲವು ತಿಂಗಳಿಗೆ ಕಾಲುನೋವು ಮಾಯವಾಯಿತು. ಎಣ್ಣೆಯ ಬಾಟಲಿ ಕಪಾಟು ಸೇರಿತು. ಶಾಂತಪ್ಪ ಸಿಕ್ಕ ಸಿಕ್ಕವರಿಗೆಲ್ಲ, "ದವಾಖಾನಿಗೆ ಯಾಕ ಹೋಗ್ತೀರಿ? ಆಟೊಮ್ಯಾಟಿಕ್ ಗಾಡಿ ತಗೋರಿ," ಎಂದು ಬುದ್ಧಿ ಹೇಳತೊಡಗಿದ.

ಕಾಲನ್ನು ಉಳಿಸಿದ ಗಾಡಿ ಅವನ ಮರ್ಯಾದೆಯನ್ನು ಮಾತ್ರ ಉಳಿಸಲಿಲ್ಲ. ದಾನೇಶ್ವರಿ ವಾರವೆಲ್ಲ ತಿಕೋಟಾ ದಾಟಿ ಬಿಜ್ಜರಗಿಗೆ ಹೋಗಿ ಬಂದರೆ ಲೀಟರಿಗೆ ಹದಿನೆಂಟು, ಹತ್ತೊಂಬತ್ತು ತೋರಿಸುವ ಗಾಡಿ, ಅಪ್ಪ ಕೂತರೆ ಹನ್ನೆರಡಕ್ಕೆ ಇಳಿಯುತ್ತಿತ್ತು. ಮೊದಲು ಅವನು ಪೆಟ್ರೋಲನ್ನು ಬೈದ. ಆಮೇಲೆ ಗಾಂಧಿ ಚೌಕದ ಆಟೊಗಳನ್ನು ಬೈದ. ಟೈರಿನ ಗಾಳಿ ನೋಡಿಸಿದ. ಕೊನೆಗೆ ಗಾಡಿಯ ಪರದೆಯೇ ಸುಳ್ಳು ಹೇಳುತ್ತದೆಂದು ಟ್ಯಾಂಕು ತುಂಬಿಸಿ, ಓಡಿಸಿ, ಮತ್ತೆ ತುಂಬಿಸಿ ನೋಡಿದ. ಟ್ಯಾಂಕೂ ಪರದೆಯ ಕಡೆಗೇ ಸಾಕ್ಷಿ ಹೇಳಿತು.

ಇದೆಲ್ಲ ಮನೆಯೊಳಗಿನ ಮಾತು. ಹೊರಗೆ, ಗಾಂಧಿ ಚೌಕದ ಚಹಾದಂಗಡಿಯಲ್ಲಿ, ಲಾಲಸಾಬ "ಏನ್ರಿ ಕೆಎಂಪಿಎಲ್ ಸಾಹೇಬ್ರ, ಹೊಸಾ ಗಾಡಿ ಎಷ್ಟ ಕೊಡ್ತೈತಿ?" ಎಂದು ಎಲ್ಲರೆದುರು ಕೇಳಿದಾಗ, ಶಾಂತಪ್ಪ ಕಣ್ಣು ಮಿಟುಕಿಸದೆ "ಇಪ್ಪತ್ತ" ಎಂದುಬಿಟ್ಟ. ಆ ಸುಳ್ಳಿನ ಗಲಿಬಿಲಿಯಲ್ಲೇ ಇರಬೇಕು, ಎಡಗಾಲಿನ ಚಪ್ಪಲಿಯನ್ನು ಅಂಗಡಿಯ ಮೆಟ್ಟಿಲಲ್ಲೇ ಬಿಟ್ಟು ತರಕಾರಿ ಮಾರ್ಕೆಟ್ಟಿನವರೆಗೆ ನಡೆದು ಹೋಗಿದ್ದ. ಲಾಲಸಾಬ ಚಪ್ಪಲಿ ಎತ್ತಿ ಹಿಡಿದುಕೊಂಡು ಮಂದಿಯ ನಡುವೆ ಓಡಿ ಬಂದ. ಮನೆಯಲ್ಲಿ ಅದನ್ನು ನೆನೆದು ವಾರವಿಡೀ ನಕ್ಕರು.

ಇನ್ನೊಮ್ಮೆ ನಕ್ಕದ್ದು ಗ್ಯಾರೇಜಿನಲ್ಲಿ. ಮಿಸ್ತ್ರಿ ಸೈಫುದ್ದೀನ ಗಾಲಿ ಬಿಚ್ಚಿ, "ಏನ್ರಿ ಮೇಡಂ, ಘಾಟಿನ್ಯಾಗ ಓಡಸ್ತೀರೇನು? ಬ್ರೇಕ್ ಪ್ಯಾಡ್ ಇಷ್ಟ ಲಗೂ ಸವದಾವ," ಎಂದಿದ್ದ. ವಿಜಯಪುರದ ಸುತ್ತ ಘಾಟಿ ಎಲ್ಲಿಂದ ಬರಬೇಕು! ಎಲ್ಲರ ಜೊತೆ ದಾನೇಶ್ವರಿಯೂ ನಕ್ಕಳು. ಆದರೆ ಆ ಮಾತು ಅವಳ ತಲೆಯಲ್ಲಿ ಎಲ್ಲೋ ಕೂತಿತು.

ಅವಳಿಗೆ ಪಂದ್ಯ ಗೆಲ್ಲುವ ಆಸೆಯೇನೂ ಇರಲಿಲ್ಲ. ತನಗೆ ಗಾಡಿ ಕಲಿಸಿದವನೇ ಅಪ್ಪ. ಅವನಷ್ಟು ಹದವಾಗಿ ನಡೆಸುವವರನ್ನು ಅವಳು ಬೇರೆ ಕಂಡಿರಲಿಲ್ಲ. ಹಾಗಾದರೆ ಪೆಟ್ರೋಲು ಹೋಗುವುದಾದರೂ ಎಲ್ಲಿ? ಅವಳಿಗೆ ಬೇಕಾದದ್ದು ಇದಕ್ಕೆ ಉತ್ತರ. ಒಂದು ಪ್ರಶ್ನೆ ಹೊಕ್ಕರೆ ಅದು ಬಗೆಹರಿಯುವವರೆಗೆ ರೊಟ್ಟಿ ರುಚಿಸದ ಜಾತಿ ಅವಳದು.

ಪರದೆಯ ಅಂಕಿಯನ್ನು ಸೊನ್ನೆ ಮಾಡಿ ಅವಳು ಹೊರಟಳು. ಶಾಂತಪ್ಪ ಪಕ್ಕದಲ್ಲಿ ಕೂತು ಪರೀಕ್ಷೆಯ ಮೇಲ್ವಿಚಾರಕನ ಗತ್ತಿನಲ್ಲಿ ಎಲ್ಲವನ್ನೂ ಗಮನಿಸಿದ. "ಇಲ್ಲಿ ಬ್ರೇಕ್ ಯಾಕ ಹಿಡದಿ? ಮೊದಲ ರೇಸ್ ಬಿಟ್ಟಿದ್ರ ತಾನ ನಿಧಾನ ಆಗ್ತಿತ್ತ," "ಟ್ರಕ್ಕಿನ ಹಿಂದ ಅಷ್ಟ ಹತ್ತರ ಹೋಗಬ್ಯಾಡ," ಎಂದು ದಾರಿಯುದ್ದಕ್ಕೂ ಪಾಠ. ದ್ರಾಕ್ಷಿ ತೋಟಗಳು, ಹಸಿರು ಪರದೆ ಕಟ್ಟಿದ ಒಣದ್ರಾಕ್ಷಿಯ ಶೆಡ್ಡುಗಳು ಹಿಂದೆ ಸರಿದವು. ಬಬಲೇಶ್ವರ ಮುಟ್ಟಿದಾಗ ಪರದೆಯ ಮೇಲೆ ಹತ್ತೊಂಬತ್ತು ಇತ್ತು.

"ಇಷ್ಟ ತಪ್ಪ ಮಾಡಿದ್ರೂ ಹತ್ತೊಂಬತ್ತ," ಎಂದ ಶಾಂತಪ್ಪ. "ನಾ ಹಿಡದ್ರ ಇಪ್ಪತ್ತೆರಡ ಗ್ಯಾರಂಟಿ."

ಅಣ್ಣನ ಹೆಂಡತಿ ಭೀಮಾಬಾಯಿ ಬಿಸಿ ರೊಟ್ಟಿ, ಶೇಂಗಾ ಹಿಂಡಿ ಬಡಿಸಿದರು. ಅಣ್ಣನ ಮಗ ರಾಜರತ್ನ ಮಧ್ಯಾಹ್ನದ ಕೆಲಸಕ್ಕೆ ವಿಜಯಪುರಕ್ಕೆ ಬರುವವನಿದ್ದ. ನೀವು ಮುಂದೆ ಹೋಗಿರಿ, ಬೈಕಿನಲ್ಲಿ ಹಿಂದೆಯೇ ಬರುತ್ತೇನೆ ಎಂದ.

ಬರುವಾಗ ಶಾಂತಪ್ಪ ಚಾಲಕನ ಸೀಟಿನಲ್ಲಿ ಕೂತು, ಕನ್ನಡಿ ತಿದ್ದಿಕೊಂಡು, ಪರದೆಯ ಅಂಕಿಯನ್ನು ತನ್ನ ಕೈಯಿಂದಲೇ ಸೊನ್ನೆ ಮಾಡಿದ. ಆಮೇಲೆ ಅವನು ಗಾಡಿ ನಡೆಸಿದ್ದನ್ನು ನೋಡಬೇಕಿತ್ತು. ರಸ್ತೆಯ ಉಬ್ಬು ದೂರದಲ್ಲಿ ಕಾಣುತ್ತಲೇ ಬಲಗಾಲು ಮೇಲೇಳುತ್ತಿತ್ತು. ಮಾಳು ಎಂಬ ಪರಿಚಯದ ಕುರಿಗಾರ ತನ್ನ ಹಿಂಡನ್ನು ರಸ್ತೆ ದಾಟಿಸುತ್ತಿದ್ದ. ಶಾಂತಪ್ಪ ಗಾಡಿ ನಿಲ್ಲಿಸದೆ ಬರೀ ವೇಗ ಇಳಿಸಿದ. ಕೊನೆಯ ಕುರಿ ದಾಟುವ ಹೊತ್ತಿಗೆ ಸರಿಯಾಗಿ ಅಲ್ಲಿಗೆ ತಲುಪಿ, ಮಾಳುವಿಗೆ ಕೈಯೆತ್ತಿ ಮುಂದೆ ಹೋದ. ದಾನೇಶ್ವರಿಗೆ ಅಪ್ಪನ ಮೇಲೆ ಹೆಮ್ಮೆ ಉಕ್ಕಿತು. ಪರದೆಯ ಕಡೆ ನೋಡಿದಳು. ಹದಿಮೂರು. ಇನ್ನಷ್ಟು ದೂರ ಹೋದ ಮೇಲೆ ಹನ್ನೆರಡು.

ಶಾಂತಪ್ಪನೂ ನೋಡಿದ. ಅವನ ಕಿವಿ ಕೆಂಪಾಯಿತು.

"ನಿಮ್ಮವ್ವ ಒಂದ ರೊಟ್ಟಿ ಹೆಚ್ಚ ತಿಂದಾಳ," ಎಂದ.

"ಹೂಂ, ನನ್ನ ಮ್ಯಾಲೆ ಹಾಕ್ರಿ. ಇಷ್ಟ ದಿನ ಬಿಟ್ಟಿದ್ರಿ," ಎಂದಳು ಹುಲಿಗೆವ್ವ. ಯಾರೂ ನಗಲಿಲ್ಲ. ದಾನೇಶ್ವರಿಗೆ ಈ ಪಂದ್ಯಕ್ಕೆ ತಾನು ಯಾಕಾದರೂ ಒಪ್ಪಿದೆನೋ ಅನಿಸಿತು.

ಹಿಂದಿನಿಂದ ಹಾರ್ನ್ ಕೇಳಿತು. ರಾಜರತ್ನ ಬೈಕನ್ನು ಪಕ್ಕಕ್ಕೆ ತಂದು, ನಿಲ್ಲಿಸಿ ಎಂದು ಕೈ ಮಾಡುತ್ತಿದ್ದ. ಶಾಂತಪ್ಪ ಒಂದು ಬೇವಿನ ಮರದ ನೆರಳಿಗೆ ಗಾಡಿ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಆರಿಸಿ, ಕಿಟಕಿಯ ಗಾಜು ಇಳಿಸಿದ.

"ಕಾಕಾ, ನಿಮ್ಮ ಬ್ರೇಕ್ ಲೈಟಿನ ಸ್ವಿಚ್ ಕೆಟ್ಟೈತಿ ನೋಡ್ರಿ," ಎಂದ ರಾಜರತ್ನ. "ಊರ ಬಿಟ್ಟಾಗಿಂದ ಕೆಂಪ ಲೈಟ್ ಆರೇ ಇಲ್ಲ. ಈಗ ನಿಲ್ಲಸ್ತೀರಿ, ಈಗ ನಿಲ್ಲಸ್ತೀರಿ ಅಂತ ನಾ ಹಿಂದ ಉಳಕೋಂತ ಬಂದೇನಿ."

ಶಾಂತಪ್ಪನ ಮುಖ ಅರಳಿತು. "ಹಂಗನ್ನು! ಗಾಡ್ಯಾಗ ದೋಷ ಐತಿ. ನಾ ಆವಾಗಿಂದ ಅದನ್ನ ಹೇಳಾಕತ್ತೇನಿ."

ದಾನೇಶ್ವರಿ ಆಗಲೇ ಇಳಿದು ಗಾಡಿಯ ಹಿಂದೆ ಹೋಗಿದ್ದಳು. ಕೆಂಪು ದೀಪ ಉರಿಯುತ್ತಿತ್ತು. ಸೈಫುದ್ದೀನ ಸವೆದ ಪ್ಯಾಡು ಹಿಡಿದು ತೋರಿಸಿದ್ದು ನೆನಪಾಯಿತು. ಸ್ವಿಚ್ಚು ಕೆಟ್ಟರೆ ದೀಪ ಉರಿದೀತು, ಪ್ಯಾಡು ಯಾಕೆ ಸವೆಯಬೇಕು?

"ಯಪ್ಪಾ, ಬ್ರೇಕ್ ಮ್ಯಾಲಿನ ಕಾಲ ತಗಿ," ಎಂದು ಅಲ್ಲಿಂದಲೇ ಕೂಗಿದಳು.

"ತಗದೇನಿ."

"ಲೈಟ್ ಇನ್ನೂ ಉರಿಯಾಕತ್ತೈತ್ರಿ ಕಾಕಾ," ಎಂದ ರಾಜರತ್ನ.

ಅವಳು ಬಂದು ಅಪ್ಪನ ಬಾಗಿಲು ತೆಗೆದು ಬಗ್ಗಿ ನೋಡಿದಳು. ಬಲಗಾಲು ದೂರ ಸರಿದು ಮ್ಯಾಟಿನ ಮೇಲಿತ್ತು. ಆಟೊಮ್ಯಾಟಿಕ್ ಗಾಡಿಯ ಬ್ರೇಕಿನ ಹಲಗೆ ಎಡಕ್ಕೆ ಅಗಲ ಇರುತ್ತದೆ. ಹಳೆಯ ಗಾಡಿಗಳಲ್ಲಿ ಕ್ಲಚ್ ಇರುತ್ತಿದ್ದ ಜಾಗಕ್ಕೆ ಹತ್ತಿರ. ಅದರ ಮೇಲೆ ಚಪ್ಪಲಿ ಸಮೇತ ಎಡಗಾಲು ಕೂತಿತ್ತು.

"ಎಡಗಾಲು, ಯಪ್ಪಾ."

"ಎಡಗಾಲಿಗೇನಾಗೈತಿ? ಅದು ಕೆಳಗ ಐತಿ," ಎಂದ ಶಾಂತಪ್ಪ, ಬಗ್ಗಿ ನೋಡದೆ.

ದಾನೇಶ್ವರಿ ತಲೆಯೆತ್ತಿ ಅವನ ಮುಖ ನೋಡಿದಳು. ಅಪ್ಪ ಸುಳ್ಳು ಹೇಳುವಾಗಿನ ಮುಖ ಬೇರೆ. ಇದು ನಿಜ ಹೇಳುವ ಮುಖ. ಅವಳು ಎರಡೂ ಕೈಯಿಂದ ಆ ಕಾಲನ್ನು ಎತ್ತಿ ಮ್ಯಾಟಿನ ಮೇಲೆ ಇಟ್ಟಳು.

"ಆರ್ತ ನೋಡ್ರಿ! ಸರಿ ಆತು!" ಎಂದು ರಾಜರತ್ನ ಹಿಂದಿನಿಂದ ಖುಷಿಯಲ್ಲಿ ಕೂಗಿದ.

ಆಗ ಶಾಂತಪ್ಪ ಕೆಳಗೆ ನೋಡಿದ. ನಕ್ಕ. "ಕಳ್ಳ! ಕ್ಲಚ್ ಹುಡುಕ್ಕೋಂತ ಹೋಗಿತ್ತ."

"ನಾ ಎತ್ತಿ ಇಟ್ಟದ್ದ ನಿನಗ ಗೊತ್ತಾತೇನ?"

ಅವನು ಮತ್ತೆ ಕಾಲಿನ ಕಡೆ ಬಗ್ಗಿ ನೋಡಿದ. ಅವಳು ಕುಕ್ಕರುಗಾಲಲ್ಲಿ ಕೂತು ಅವನ ಎಡಗಾಲಿನ ಚಪ್ಪಲಿ ಬಿಚ್ಚಿದಳು.

"ಮುಂದ ರಸ್ತಾ ನೋಡು. ಬಗ್ಗಬ್ಯಾಡ. ಯಾವ ಬೆರಳ ಹಿಡದೇನಿ?"

"ಹೆಬ್ಬೆರಳ."

ಅವಳು ಹಿಡಿದದ್ದು ಕಿರುಬೆರಳು.

"ಈಗ?"

ಈ ಸಲ ಅವನು ಸ್ವಲ್ಪ ಹೊತ್ತು ಯೋಚಿಸಿದ. "ಈಗ ಕಿರಿಬೆರಳ ಹಿಡದಿ," ಎಂದ.

ದಾನೇಶ್ವರಿಯ ಎರಡೂ ಕೈಗಳು ಅವಳ ಮಡಿಲಲ್ಲಿದ್ದವು. ಹಿಂದಿನ ಸೀಟಿನಿಂದ ಇಣುಕುತ್ತಿದ್ದ ಹುಲಿಗೆವ್ವ ಅದನ್ನು ನೋಡಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಕಾಲ ನೋವ ಹೋತು ಅಂದಿದ್ರಲ್ರೀ," ಎಂದಳು.

"ಹೋಗೈತಿ ಅಂತ ತಿಳಕೊಂಡಿದ್ನಿ," ಎಂದ ಶಾಂತಪ್ಪ. ಅವನಿಗೆ ಹೆದರಿಕೆಯಾಗಿತ್ತು. ಬಸ್ಸಿನ ಬ್ರೇಕು ಕೈಕೊಟ್ಟ ದಿನವೂ ಹೀಗೆ ಹೆದರಿದವನಲ್ಲ. ತನ್ನ ಕಾಲನ್ನು ಹೊಸದಾಗಿ ನೋಡುವಂತೆ ನೋಡಿ, "ಅವತ್ತ ಚಪ್ಪಲ... ಲಾಲಸಾಬ..." ಎಂದು ಅಷ್ಟಕ್ಕೇ ಬಿಟ್ಟ.

ಅವನು ಚಪ್ಪಲಿ ಹಾಕಿಕೊಂಡು, ಬಾಗಿಲು ಹಿಡಿದು ಇಳಿದು, ಕೀಲಿಯನ್ನು ಮಗಳ ಕೈಗೆ ಕೊಟ್ಟ.

"ಪಂದ್ಯದ ಮಾತ ಬಿಡು ಯಪ್ಪಾ. ನಾಳೆ ಸಾಲಿಗೆ ರಜಾ ಹಾಕ್ತೀನಿ. ನರದ ಡಾಕ್ಟರಿಗೆ ತೋರಸೂನು."

"ಗಾಡಿ ನಡಸಬ್ಯಾಡ ಅಂದ್ರ?"

ಹಾಗೇನೂ ಅನ್ನುವುದಿಲ್ಲ ಎನ್ನಬೇಕೆಂದು ಅವಳಿಗೆ ಬಾಯಿಯವರೆಗೆ ಬಂದಿತ್ತು. "ನನಗ ಗೊತ್ತಿಲ್ಲ ಯಪ್ಪಾ," ಎಂದಳು.

ಮುಂದೆ ಕೂರು ಎಂದು ಅವಳು ಬಾಗಿಲು ತೆರೆದರೂ ಅವನು ಹಿಂದೆ ಹೋಗಿ ಹುಲಿಗೆವ್ವನ ಪಕ್ಕದಲ್ಲೇ ಕೂತ. ಗಾಡಿ ಹೊರಟಿತು. ಹುಲಿಗೆವ್ವ ಅವನ ಎಡಗಾಲನ್ನು ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡು, ಚಪ್ಪಲಿ ತೆಗೆದು, ಹೆಬ್ಬೆರಳಿನಿಂದ ಅಂಗಾಲನ್ನು ಒತ್ತತೊಡಗಿದಳು.

"ಇಲ್ಲಿ ತಿಳೀತೈತೇನ್ರಿ?"

"ಇಲ್ಲ."

"ಇಲ್ಲಿ?"

"ಇಲ್ಲ."

"ನಾ ಎಣ್ಣಿ ತಿಕ್ಕೂದ ಬಿಡಬಾರದಿತ್ತ," ಎಂದಳು ಹುಲಿಗೆವ್ವ. ಅವಳ ಬೆರಳು ಹಿಮ್ಮಡಿ ದಾಟಿ ಮೇಲೆ ಮೇಲೆ ಬಂತು. ದಾನೇಶ್ವರಿ ಹಿಂದಿನ ಸೀಟಿನ ಪ್ರಶ್ನೆಗಳನ್ನು ಕೇಳಿಸಿಕೊಳ್ಳುತ್ತ ರಸ್ತೆ ನೋಡುತ್ತಿದ್ದಳು. ಪರದೆಯ ಅಂಕಿ ಯಾರೂ ಕೇಳದಿದ್ದರೂ ಏರುತ್ತಿತ್ತು. ಹದಿಮೂರು, ಹದಿನಾಲ್ಕು. ಮೀನಖಂಡದ ನಡುವೆ ಎಲ್ಲೋ ಶಾಂತಪ್ಪ "ಹೂಂ, ಇಲ್ಲಿ," ಎಂದ. ಹುಲಿಗೆವ್ವ ಅಲ್ಲೇ ಬೆರಳು ನಿಲ್ಲಿಸಿದಳು. ಊರು ಬರುವವರೆಗೆ ತೆಗೆಯಲಿಲ್ಲ.

ತೊರವಿಯ ಮನೆಯ ಮುಂದೆ ಗಾಡಿ ನಿಂತಿತು. ಯಾವಾಗಲೂ ನಿಂತ ಕೂಡಲೇ ಎಷ್ಟು ಬಂತೆಂದು ಬಗ್ಗಿ ನೋಡುವ ಶಾಂತಪ್ಪ ಇವತ್ತು ನೋಡಲಿಲ್ಲ. ಇಳಿದು ಗೇಟಿನ ಕಡೆ ಎರಡು ಹೆಜ್ಜೆ ಹಾಕಿ, ಅಲ್ಲೇ ನಿಂತು, ತಲೆ ತಗ್ಗಿಸಿ ಕಾಲು ನೋಡಿಕೊಂಡ. ಬಲಗಾಲಿನಲ್ಲಿ ಚಪ್ಪಲಿ ಇತ್ತು. ಎಡಗಾಲು ಬಿಸಿಲಿಗೆ ಕಾದ ಫರಸಿ ಕಲ್ಲಿನ ಮೇಲೆ ಬರಿದಾಗಿ ನಿಂತಿತ್ತು.

ಅವನು ಹಿಂದೆ ತಿರುಗಿ ಕೈ ಚಾಚಿದ. ಹುಲಿಗೆವ್ವ ಆಗಲೇ ಚಪ್ಪಲಿ ಹಿಡಿದುಕೊಂಡು ಬರುತ್ತಿದ್ದಳು.