ಮೊದಲ ನೀರು ಕುದಿನೀರಲ್ಲ

ನಮ್ಮ ಹಾಲಿನ ಘಟಕದಲ್ಲಿ ನನ್ನ ಅತ್ತಿಗೆಗೆ ಕುದಿನೀರಕ್ಕ ಎಂದೇ ಹೆಸರು. ಹಾಲು ಕಾಯಿಸುವ ದೊಡ್ಡ ಸ್ಟೀಲ್ ತೊಟ್ಟಿಯನ್ನು ಹನ್ನೆರಡು ವರ್ಷದಿಂದ ಅವರೇ ತೊಳೆಯುತ್ತಿದ್ದರು. ತೊಟ್ಟಿ ಖಾಲಿಯಾದ ಕೂಡಲೇ ಕುದಿಯುವ ನೀರು ಸುರಿಯುವುದು, ಆಮೇಲೆ ತಂತಿ ಬ್ರಷ್ಷಿನಿಂದ ಉಜ್ಜುವುದು. "ಅಕ್ಕಾ, ದೂರ ಸುರೀರಿ, ನಮ್ಮನ್ನೂ ಬೇಯಿಸಿಬಿಟ್ಟೀರಿ" ಎಂದು ನಾವು ನಗುತ್ತಿದ್ದೆವು. ಇಷ್ಟಾದರೂ ತೊಟ್ಟಿಯ ತಳದಲ್ಲಿ, ನಲ್ಲಿಯ ಒಳಗೆ ಒಂದು ಹಳದಿ ಪದರ ಜಪ್ಪಯ್ಯ ಎಂದರೂ ಬಿಡುತ್ತಿರಲಿಲ್ಲ.

ಹೋದ ತಿಂಗಳು ನಮ್ಮ ಹಾಲು ಕುಡಿದ ಒಂಬತ್ತು ಮಕ್ಕಳಿಗೆ ವಾಂತಿ ಭೇದಿ ಶುರುವಾಯಿತು. ಎಂಟು ಮಕ್ಕಳು ಆಸ್ಪತ್ರೆಯಿಂದ ಮನೆಗೆ ಬಂದವು. ಬಾರದೆ ಹೋದದ್ದು ಅತ್ತಿಗೆಯ ಮೊಮ್ಮಗಳು, ನಾಲ್ಕು ವರ್ಷದ ಕೂಸು. ಘಟಕದಲ್ಲಿ ಕಾಯಿಸಿದ ಹಾಲೇ ತಾನೇ ಎಂದು ಮನೆಯವರು ಪ್ಯಾಕೆಟ್ ಒಡೆದು ಹಾಗೇ ಕುಡಿಸಿದ್ದರು.

ವಾರ ಕಳೆದು ಲ್ಯಾಬಿನ ಮೇಡಂ ಬಂದರು. ಪಾತ್ರೆಗೆ ಹತ್ತಿದ ಕೊಳೆ ಹೇಗೆ ಬಿಡುತ್ತದೆ ಎಂದು ಪರೀಕ್ಷೆ ಮಾಡುವುದೇ ಅವರ ಕೆಲಸವಂತೆ.

"ನನ್ನ ತೊಟ್ಟಿಯಲ್ಲಿ ದೋಷ ಇಲ್ಲಮ್ಮ" ಎಂದರು ಅತ್ತಿಗೆ. "ಕುದಿನೀರಲ್ಲಿ ಯಾವ ಹುಳ ಬದುಕುತ್ತೆ?"

ಮೇಡಂ ವಾದ ಮಾಡಲಿಲ್ಲ. ಹಾಲು ಒಣಗಿಸಿದ ಎರಡು ಸ್ಟೀಲ್ ಪಟ್ಟಿ ತೆಗೆದರು. ಒಂದಕ್ಕೆ ಕುದಿನೀರು, ಇನ್ನೊಂದಕ್ಕೆ ಉಗುರುಬೆಚ್ಚಗಿನ ನೀರು ಹಾಕಿದರು. ಬೆಚ್ಚಗಿನ ನೀರಿನದು ಬೆರಳಲ್ಲಿ ಸವರಿದರೆ ಹೋಯಿತು. ಕುದಿನೀರಿನದನ್ನು ಅತ್ತಿಗೆ ಉಗುರಿನಿಂದ ಕೆರೆದರು, ಬಿಡಲಿಲ್ಲ.

"ಮೊಟ್ಟೆ ಒಡೆದ ತಟ್ಟೆಗೆ ಕುದಿನೀರು ಹಾಕ್ತೀರಾ ಅಕ್ಕ?"

"ಯಾರಾದ್ರೂ ಹಾಕ್ತಾರಾ? ಬೆಂದು ಅಂಟಿಕೊಳ್ಳುತ್ತೆ. ಸೊಸೆಗೆ ಎಷ್ಟು ಸಲ ಬೈದಿದ್ದೀನಿ."

"ಹಾಲೂ ಹಾಗೇ ಅಕ್ಕ. ಆ ಪದರದ ಅಡಿ, ಬ್ರಷ್ಷಿನ ಗೀರಿನಲ್ಲಿ ಕ್ರಿಮಿ ಕೂತಿರುತ್ತೆ. ನಲ್ಲಿಯ ಸಂದಿಗೆ ಹೋಗೋಷ್ಟರಲ್ಲಿ ನಿಮ್ಮ ನೀರು ಆರಿರುತ್ತೆ. ಕಾಯಿಸಿದ ಹಾಲು ಅದೇ ನಲ್ಲಿ ದಾಟಿ ತಾನೇ ಪ್ಯಾಕೆಟ್ಟಿಗೆ ಹೋಗೋದು?"

ಅತ್ತಿಗೆ ಪಟ್ಟಿಯನ್ನು ಇನ್ನೊಮ್ಮೆ ಕೆರೆದು ನೋಡಿದರು. "ಹಾಗಾದ್ರೆ ನನಗೆ ಗೊತ್ತಿತ್ತು" ಎಂದರು. "ಅಡುಗೆಮನೇಲಿ ಗೊತ್ತಿತ್ತು. ಇಲ್ಲಿ ಹೊಳೀಲಿಲ್ಲ."

ಈಗ ಅತ್ತಿಗೆ ಮೇಡಂ ಹೇಳಿದಂತೆಯೇ ತೊಳೆಯುತ್ತಾರೆ. ಮೊದಲು ಉಗುರುಬೆಚ್ಚಗಿನ ನೀರು, ಹಾಲಿನ ಬಿಳಿ ಹೋಗುವ ತನಕ. ಆಮೇಲೆ ಡೇರಿಯ ತೊಳೆಯುವ ಪುಡಿ ಕಲಸಿದ ಬಿಸಿನೀರು, ಮೆತ್ತನೆಯ ಬ್ರಷ್ಷು. ನಲ್ಲಿಯನ್ನು ದಿನಾ ಬಿಚ್ಚಲೇಬೇಕು. ಪುಡಿಯ ನೀರು ಪೂರ್ತಿ ಹೋಗುವಂತೆ ಜಾಲಾಡಿಸಿ, ಕುದಿನೀರು ಕಟ್ಟಕಡೆಗೆ. ತೊಟ್ಟಿ ಕನ್ನಡಿಯಂತೆ ಹೊಳೆಯುತ್ತದೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯಿತು ನಮ್ಮ ಕಥೆ. ಕುದಿನೀರಕ್ಕ ಎಂದು ಈಗ ಯಾರೂ ಕರೆಯುವುದಿಲ್ಲ.

ಹಾಲಿನ ಕ್ಯಾನು, ತೊಟ್ಟಿ, ಯಂತ್ರ ತೊಳೆಯುವ ಅಕ್ಕಂದಿರೇ, ಅಣ್ಣಂದಿರೇ, ಇವತ್ತೇ ನಲ್ಲಿ ಬಿಚ್ಚಿ ಒಳಗೆ ಬೆರಳಾಡಿಸಿ ನೋಡಿ. ನಮಗೆ ಹೇಳುವವರು ಒಂದು ವಾರ ತಡವಾಗಿ ಬಂದರು. ನಿಮಗೆ ನಾನು ಈಗಲೇ ಹೇಳಿದ್ದೇನೆ.