ಕಮಲಾಪುರದ ಗುಡ್ಡ ಸತ್ತಿಲ್ಲ

ಬಿಸಿಲು ವರ್ಷದಿಂದ ವರ್ಷಕ್ಕೆ ಏರುತ್ತಿರುವಾಗ ಕಮಲಾಪುರದ ಗುಡ್ಡದ ಕುರುಚಲು ಕಾಡು ಉಳಿದೀತೇ, ಎಲ್ಲಿ ಕಾಯಬೇಕು, ಎಲ್ಲಿ ಹೊಸದಾಗಿ ನೆಡಬೇಕು ಎಂದು ಹೇಳುವ ಕೆಲಸ ಸುಜಾತಾಳದು. ಅದಕ್ಕಾಗಿ ಎರಡು ಬೇಸಿಗೆ ಆ ಗುಡ್ಡ ಹತ್ತಿ ಇಳಿದು ಗಿಡಮರಗಳ ಅಳತೆ ತೆಗೆದಿದ್ದಳು. ಈಗ ಕಲಬುರಗಿಯ ಕಚೇರಿಯ ಗೋಡೆಯ ಮೇಲೆ ಮೂಡಿದ್ದ ನಕ್ಷೆಯಲ್ಲಿ ಆ ಗುಡ್ಡ ಪೂರ್ತಿ ಕೆಂಪಾಗಿತ್ತು.

“ಗುಡ್ಡ ಸತ್ತದ. ಎಲ್ಲಾ ಕಡದು ನೀಲಗಿರಿ ಹಚ್ಚೋದು. ವರದಿಗೆ ಸಹಿ ಮಾಡ್ರಿ ಮೇಡಂ,” ಎಂದರು ಕಾಡು ಬೆಳೆಸುವ ಯೋಜನೆಯ ಮುಖ್ಯಸ್ಥ ಮಲ್ಲಣ್ಣ.

“ಉಪಗ್ರಹದ ಈ ಫೋಟೋ ಏಪ್ರಿಲ್‌ದ್ದರಿ ಸರ್. ಆಗ ಮುತ್ತಲ, ದಿಂಡಿಗ ಎಲ್ಲಾ ಎಲಿ ಉದುರಸ್ತಾವ. ನೀರು ಉಳಿಸ್ಕೊಳ್ಳಾಕ ಹಂಗ ಮಾಡ್ತಾವ. ಸತ್ತಿಲ್ರಿ.”

“ಮ್ಯಾಲಿಂದ ಒತ್ತಾಯ ಅದ. ನಿಮ್ಮೊಬ್ಬರ ಸಲುವಾಗಿ ಕೆಲಸ ನಿಲ್ಲಂಗಿಲ್ಲ.”

“ಹಂಗಾದ್ರ ನನ್ನ ಹೆಸರು ತಗೀರಿ. ಇದಕ್ಕ ನಾ ಸಹಿ ಮಾಡಂಗಿಲ್ಲ.”

ಹೆಸರು ತೆಗೆದೇಬಿಟ್ಟರು. ಮರುದಿನ ಸುಜಾತಾ ಹುಮನಾಬಾದ್ ಕಡೆಯ ಬಸ್ಸು ಹತ್ತಿ ಕಮಲಾಪುರದಲ್ಲಿ ಇಳಿದಳು. ಆಡು ಸಾಕುವ ಹೆಂಗಸರ ಮುಂದಾಳು ಭೀಮಬಾಯಿ ಸುದ್ದಿ ಕೇಳಿ ಸೆರಗು ಬಿಗಿದಳು.

“ಜೆಸಿಬಿ ಬರಲಿ, ಅಡ್ಡ ಕೂಡ್ತೀವಿ. ನಮ್ಮ ಗುಡ್ಡಕ್ಕ ಏನೂ ಆಗಿಲ್ಲ ಅಂತ ನೀ ಅಷ್ಟ ಹೇಳು.”

“ಹಂಗ ಹೇಳಂಗಿಲ್ಲಕ್ಕ. ಪಡುವಣ ಇಳಿಜಾರಿನಾಗ ಒಂದು ಸಸಿ ಉಳದಿಲ್ಲ. ಬಿಸಿಲು ಸುಟ್ಟದ, ಉಳದದ್ದು ನಿಮ್ಮ ಆಡು ತಿಂದಾವ. ಅಲ್ಲಿ ಮೇಯ್ಸೋದು ಬಿಡಬೇಕು.”

ಹೆಂಗಸರು ಗದ್ದಲ ಎಬ್ಬಿಸಿದರು. “ನಮ್ಮ ಹೊಟ್ಟಿ ಮ್ಯಾಲ ಹೊಡೀಲಾಕ ಬಂದೀಯೇನು?” ಎಂದಳು ಭೀಮಬಾಯಿ.

ಇವರೂ ಕೈಬಿಟ್ಟರೆ ತಾನು ಒಂಟಿ ಎಂದು ಸುಜಾತಾಳಿಗೆ ಗೊತ್ತಿತ್ತು. ಆದರೂ ಹೇಳಿದಳು: “ಆಫೀಸಿನವರಿಗೆ ಸುಳ್ಳು ಹೇಳಲಿಲ್ಲ, ನಿಮಗೂ ಹೇಳಂಗಿಲ್ಲ.”

ಜೆಸಿಬಿ ಬಂದಾಗ ಭೀಮಬಾಯಿ ಮುಖ ಗಂಟಿಕ್ಕಿಕೊಂಡೇ ಅದರ ದಾರಿಗೆ ಅಡ್ಡ ಕುಳಿತಳು. ಉಳಿದವರೂ ಕುಳಿತರು. ಹಿಂದೆಯೇ ಜೀಪಿನಲ್ಲಿ ಬಂದ ಮಲ್ಲಣ್ಣ ಕೂಗಾಡಿದರು. ಸುಜಾತಾ ಅವರನ್ನು ಬೋಳು ದಿಂಡಿಗದ ಮರದ ಬಳಿಗೆ ಕರೆದೊಯ್ದು ತೊಗಟೆಯನ್ನು ಉಗುರಿನಿಂದ ಕೆರೆದಳು. ಒಳಗೆ ಹಸಿರಿತ್ತು. ಪಕ್ಕದ್ದನ್ನು ಕೆರೆದಳು, ಅದರ ಪಕ್ಕದ್ದನ್ನೂ.

“ಮಳಿ ಆದ ಮ್ಯಾಲೂ ಚಿಗೀಲಿಲ್ಲಂದ್ರ?”

“ನಾನೇ ಮುಂದ ನಿಂತು ಕಡಸ್ತೀನಿ. ಅಲ್ಲೀತನಕ ಒಂದು ಟೊಂಗೀನೂ ಮುಟ್ಟಾಕ ಬಿಡಂಗಿಲ್ಲ.”

ಮಲ್ಲಣ್ಣ ಹೆಂಗಸರತ್ತ ನೋಡಿದರು. ಒಬ್ಬಳೂ ಕದಲಲಿಲ್ಲ. ಜೆಸಿಬಿ ಹಿಂದಕ್ಕೆ ಹೋಯಿತು.

ಜೂನ್‌ನಲ್ಲಿ ಮಳೆ ಬಿದ್ದು ವಾರ ಕಳೆಯುವುದರೊಳಗೆ ಗುಡ್ಡ ಚಿಗುರಿತು. ಪಡುವಣ ಇಳಿಜಾರು ಮಾತ್ರ ಬೋಳಾಗಿಯೇ ಉಳಿಯಿತು. ಭೀಮಬಾಯಿ ಬೈಯುತ್ತಲೇ ಆಡುಗಳನ್ನು ಇನ್ನೊಂದು ಬದಿಗೆ ಹೊಡೆದಳು. ಆ ಇಳಿಜಾರಿನಲ್ಲಿ ಹೆಂಗಸರೇ ಕಮರ, ಬೇವಿನ ಸಸಿ ನೆಡತೊಡಗಿದರು.

ಒಂದು ಮಧ್ಯಾಹ್ನ ಮಲ್ಲಣ್ಣನವರ ಫೋನು ಬಂತು. “ನಕ್ಷೆ ತಿದ್ದಾಕತ್ತೀವಿ. ನಿಮ್ಮ ಅಳತಿ ಎಲ್ಲಾ ಕಳಸ್ರಿ.”

“ಕಳಸಂಗಿಲ್ಲರಿ ಸರ್,” ಎಂದಳು ಸುಜಾತಾ, ಕೈಯ ಮಣ್ಣು ಒರೆಸಿಕೊಳ್ಳುತ್ತ. “ಗುಡ್ಡಕ್ಕ ಬರ್ರಿ. ನಡಕೋತ ತೋರಸ್ತೀನಿ.”